ಗಮನಕ್ಕೆ ಬಂದಿದೆಯೇ? ಸದನದ ಪ್ರಶ್ನೆಗಳು ನಡೆದು ಬಂದ ದಾರಿ

ನಮ್ಮ ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯನ್ನು ಒಮ್ಮೆಯಾದರೂ ಕೂತು ಓದಬೇಕು. ಮೇಲ್ಗಡೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಅದರ ಕೆಳಗೆ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಅಂತ ಬಿಡಿಸಿರುತ್ತಾರೆ. ಒಂದು ಕೆರೆ ಏರಿ ಒಡೆದಿದೆ ಅಂತಿಟ್ಟುಕೊಳ್ಳಿ. (ಅ) ಏರಿ ಒಡೆದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ ಒಂದೇ ಪದ: ‘ಬಂದಿದೆ’. (ಆ) ಬಂದಿದ್ದಲ್ಲಿ, ದುರಸ್ತಿಗೆ ಎಷ್ಟು ಹಣ ಕೊಡಲಾಗಿದೆ? ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.’ (ಇ) ವಿಳಂಬಕ್ಕೆ ಕಾರಣರಾದವರು ಯಾರು? ‘ಉದ್ಭವಿಸುವುದಿಲ್ಲ.’

ಓದಿದವರಿಗೆ ಬೇಸರ ಆಗುವುದು ಸಹಜ. ಇಷ್ಟಕ್ಕೆ ಸದನ ಬೇಕಿತ್ತಾ ಅನ್ನಿಸಬಹುದು. ಆದರೆ ನನಗೆ ಆ ‘ಬಂದಿದೆ’ ಅನ್ನುವ ಪದದ ಮೇಲೆ ತುಂಬಾ ಗೌರವ. ಅಲ್ಲಿಯವರೆಗೆ ಆ ಏರಿಯ ಸುದ್ದಿ ಊರವರ ಬಾಯಲ್ಲಿ ಮಾತ್ರ ಇತ್ತು. ಕಚೇರಿಗೆ ಹೋದರೆ ‘ನೋಡೋಣ’ ಅನ್ನುತ್ತಿದ್ದರು. ಈಗ ಸಚಿವರೇ ಬರೆದು ಒಪ್ಪಿಕೊಂಡಿದ್ದಾರೆ. ನಾಳೆ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನುವ ಹಾಗಿಲ್ಲ. ಇನ್ನು ಹಾಳೆಯ ಹಿಂದೆ ‘ಅನುಬಂಧ’ ಅಂತ ಒಂದು ಪಟ್ಟಿ ಸೇರಿಸಿದ್ದರಂತೂ ಅದೇ ನಿಜವಾದ ಸರಕು. ಯಾವ ಕಾಮಗಾರಿ, ಎಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ಖರ್ಚು, ಎಲ್ಲ ಸಾಲಾಗಿ ಇರುತ್ತದೆ. ನಿಮ್ಮೂರಿನ ರಸ್ತೆ ‘ಪೂರ್ಣಗೊಂಡಿದೆ’ ಅಂತ ಅಲ್ಲಿ ಬರೆದಿದ್ದು, ಹೊರಗೆ ಹೋಗಿ ನೋಡಿದರೆ ಇನ್ನೂ ಜಲ್ಲಿ ರಾಶಿ ಬಿದ್ದಿದ್ದರೆ, ಜಗಳ ಶುರು ಮಾಡಲು ಅದಕ್ಕಿಂತ ಒಳ್ಳೆ ಕಾಗದ ಬೇರೆ ಇಲ್ಲ.

ಹೀಗೆ ಕೇಳುವ ಹಕ್ಕು ಒಂದೇ ದಿನ ಬಂದದ್ದಲ್ಲ. ನಮ್ಮ ಕಡೆ ಇದರ ಬೇರು ಮೈಸೂರಿನಲ್ಲಿದೆ. 1881ರಲ್ಲಿ ದಿವಾನರಾಗಿದ್ದ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಮೊದಲ ಸಭೆಗೆ ಬಂದವರು 144 ಮಂದಿ. ತಾಲ್ಲೂಕುಗಳಿಂದ ಜಮೀನುದಾರ ರೈತರು, ಜಿಲ್ಲೆಗಳಿಂದ ವರ್ತಕರು. ದಸರಾಕ್ಕೆ ಹೇಗೂ ಮೈಸೂರಿಗೆ ಜನ ಬರುತ್ತಾರಲ್ಲ, ಅದೇ ಹೊತ್ತಿಗೆ ಸಭೆ. ದಿವಾನರು ಎದ್ದು ನಿಂತು ಸಂಸ್ಥಾನದ ಆದಾಯ ಎಷ್ಟು, ಖರ್ಚು ಎಷ್ಟು ಅಂತ ಆ ಜನರ ಮುಂದೆ ಹೇಳಿದರು. ಅರಮನೆಗೆ ಕಂದಾಯ ಕಟ್ಟುವುದಷ್ಟೇ ಗೊತ್ತಿದ್ದವರಿಗೆ ಅರಮನೆಯ ಲೆಕ್ಕ ಹೇಳಿದ್ದು ಅದೇ ಮೊದಲು. ಮತ ಹಾಕಿ ದಿವಾನರನ್ನು ಸೋಲಿಸುವ ಅಧಿಕಾರ ಅವರಿಗಿರಲಿಲ್ಲ, ನಿಜ. ತಮ್ಮ ತಾಲ್ಲೂಕಿನ ಕಷ್ಟವನ್ನು ಮಾತ್ರ ಹೇಳಿಕೊಳ್ಳಬಹುದಿತ್ತು. ಆದರೂ ಲೆಕ್ಕ ಒಪ್ಪಿಸುವುದು ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟ. 1907ರಲ್ಲಿ ಶಾಸನ ಸಭೆ ಬಂತು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ ಅದರ ಸದಸ್ಯರಿಗೆ ಬಜೆಟ್ ಚರ್ಚೆ ಮಾಡುವ ಅವಕಾಶವೂ ಸಿಕ್ಕಿತು.

ಬ್ರಿಟಿಷ್ ಇಂಡಿಯಾದಲ್ಲಿ ಬಾಗಿಲು ಇನ್ನೂ ನಿಧಾನವಾಗಿ ತೆರೆಯಿತು. ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರ ಕಾಯ್ದೆಯಲ್ಲಿ. ಅದೂ ಕೇಳಬೇಕು, ಉತ್ತರ ತೆಗೆದುಕೊಂಡು ಕೂರಬೇಕು, ಅಷ್ಟೇ. ಉತ್ತರ ಸಮಾಧಾನ ಕೊಡದಿದ್ದರೆ ‘ಹಾಗಾದರೆ ಇದು ಹೇಗೆ?’ ಅಂತ ತಿರುಗಿ ಕೇಳುವ ಹಾಗಿರಲಿಲ್ಲ. ಉಪಪ್ರಶ್ನೆ ಬಂದದ್ದು 1909ರಲ್ಲಿ, ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. 1919ರ ಸುಧಾರಣೆಯ ನಂತರ ಬೇರೆ ಸದಸ್ಯರೂ ಉಪಪ್ರಶ್ನೆ ಕೇಳುವಂತಾಯಿತು. ಈ ಉಪಪ್ರಶ್ನೆ ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಮೊದಲ ಉತ್ತರವನ್ನು ಅಧಿಕಾರಿಗಳು ಹತ್ತು ಸಲ ತಿದ್ದಿ ಬರೆದುಕೊಟ್ಟಿರುತ್ತಾರೆ. ಉಪಪ್ರಶ್ನೆಗೆ ಮಾತ್ರ ಸಚಿವರು ತಾವೇ ಎದ್ದು ಉತ್ತರ ಕೊಡಬೇಕು. ಇಲಾಖೆ ಅವರ ಕೈಯಲ್ಲಿದೆಯೋ ಇಲ್ಲವೋ ಅನ್ನುವುದು ಆಗ ಗೊತ್ತಾಗುತ್ತದೆ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಾನು ಯಾವಾಗಲೂ ನೆನೆಸಿಕೊಳ್ಳುವುದು 1957ರ ಮುಂಧ್ರಾ ಪ್ರಕರಣ. ಜೀವ ವಿಮಾ ನಿಗಮ, ಅಂದರೆ ಎಲ್‌ಐಸಿ, ಹುಟ್ಟಿ ಇನ್ನೂ ಒಂದು ವರ್ಷ ಆಗಿತ್ತು. ಖಾಸಗಿ ವಿಮಾ ಕಂಪನಿಗಳ ಕೈಯಲ್ಲಿ ಜನರ ದುಡ್ಡಿಗೆ ಭದ್ರತೆ ಇಲ್ಲ ಅಂತಲೇ ಸರ್ಕಾರ ಅವನ್ನೆಲ್ಲ ರಾಷ್ಟ್ರೀಕರಣ ಮಾಡಿ 1956ರಲ್ಲಿ ನಿಗಮ ಕಟ್ಟಿತ್ತು. ಆ ನಿಗಮ ಹರಿದಾಸ್ ಮುಂಧ್ರಾ ಅನ್ನುವ ಉದ್ಯಮಿಯ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರು ಕೊಂಡಿದೆಯಂತೆ ಅನ್ನುವ ಸುದ್ದಿ ಹೊರಬಿತ್ತು. ಮೊತ್ತ ಸುಮಾರು ಒಂದೂಕಾಲು ಕೋಟಿ ರೂಪಾಯಿ. ಆ ಕಾಲಕ್ಕೆ ದೊಡ್ಡ ಮೊತ್ತ. ಸೆಪ್ಟೆಂಬರ್‌ನಲ್ಲಿ ಸದಸ್ಯ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಈ ಬಗ್ಗೆ ಪ್ರಶ್ನೆ ಕೇಳಿದರು. ಸರಿಯಾದ ಉತ್ತರ ಬರಲಿಲ್ಲ. ವಿಷಯ ಅಲ್ಲಿಗೇ ಮುಗಿದುಬಿಡಬಹುದಿತ್ತು.

ಮುಗಿಯದಂತೆ ನೋಡಿಕೊಂಡವರು ಫಿರೋಜ್ ಗಾಂಧಿ. ರಾಯಬರೇಲಿಯ ಸಂಸದ, ಆಡಳಿತ ಪಕ್ಷದವರು, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ಸುಮ್ಮನಿರಲು ಇದಕ್ಕಿಂತ ಜಾಸ್ತಿ ಕಾರಣ ಯಾರಿಗೂ ಬೇಕಿಲ್ಲ. ಅವರು ಸುಮ್ಮನಿರಲಿಲ್ಲ. ಡಿಸೆಂಬರ್ 16ರಂದು ಚರ್ಚೆ ಎತ್ತಿದಾಗ, ಇಷ್ಟು ದೊಡ್ಡ ವಿಷಯ ನಡೆದಾಗ ಮೌನವಾಗಿರುವುದು ಅಪರಾಧ ಅನ್ನುವ ಅರ್ಥದ ಮಾತಿನಿಂದಲೇ ಶುರು ಮಾಡಿದರು. ಆಮೇಲೆ ಅಬ್ಬರ ಇಲ್ಲ, ಬರೀ ಲೆಕ್ಕ. ಷೇರು ಕೊಂಡ ದಿನ ಯಾವುದು, ಪೇಟೆಯಲ್ಲಿ ದರ ಎಷ್ಟಿತ್ತು, ನಿಗಮ ಕೊಟ್ಟ ದರ ಎಷ್ಟು ಅಂತ ಒಂದೊಂದಾಗಿ ಮುಂದಿಟ್ಟರು. ಕಷ್ಟದಲ್ಲಿದ್ದ ಒಬ್ಬ ವ್ಯಾಪಾರಿಗೆ ಪಾಲಿಸಿದಾರರ ದುಡ್ಡಿನಿಂದ ಆಸರೆ ಕೊಟ್ಟಿದ್ದಾರೆ ಅನ್ನುವುದು ಆ ಲೆಕ್ಕದಿಂದ ಎದ್ದು ಕಂಡಿತು.

ಸರ್ಕಾರ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ನೇಮಿಸಿತು. ಅವರು ಮುಂಬಯಿಯಲ್ಲಿ ವಿಚಾರಣೆಯನ್ನು ಜನರ ಎದುರಿಗೇ ನಡೆಸಿದರು. ಒಳಗೆ ಜಾಗ ಸಿಗದವರಿಗೆ ಕೇಳಲಿ ಅಂತ ಧ್ವನಿವರ್ಧಕ ಹಾಕಿಸಿದ್ದರು. ತಿಂಗಳೊಳಗೆ ವಿಚಾರಣೆ ಮುಗಿಯಿತು. ಸಚಿವರು ತಮ್ಮ ಕಾರ್ಯದರ್ಶಿ ಮಾಡಿದ ಕೆಲಸಕ್ಕೂ ಹೊಣೆ ಅಂತ ಆಯೋಗ ಹೇಳಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳಿದ ದಿನದಿಂದ ಲೆಕ್ಕ ಹಾಕಿದರೆ ಆರು ತಿಂಗಳೂ ಆಗಿರಲಿಲ್ಲ!

ಫಿರೋಜ್ ಗಾಂಧಿ ಮಾಡಿದ ಇನ್ನೊಂದು ಕೆಲಸ ಇಷ್ಟು ಪ್ರಸಿದ್ಧ ಅಲ್ಲ. ಸಂಸತ್ತಿನಲ್ಲಿ ಆಡಿದ ಮಾತನ್ನು ಇದ್ದಹಾಗೆ ವರದಿ ಮಾಡಿದ ಪತ್ರಿಕೆಯ ಮೇಲೆ ಆಗ ಮೊಕದ್ದಮೆ ಹೂಡಬಹುದಿತ್ತು. ಸದಸ್ಯರಿಗೆ ರಕ್ಷಣೆ ಇತ್ತು, ಬರೆದವರಿಗೆ ಇರಲಿಲ್ಲ. ಆ ರಕ್ಷಣೆ ಕೊಡುವ ಖಾಸಗಿ ಮಸೂದೆ ತಂದು 1956ರಲ್ಲಿ ಕಾಯ್ದೆ ಮಾಡಿಸಿದವರು ಅವರೇ. ತುರ್ತು ಪರಿಸ್ಥಿತಿಯಲ್ಲಿ ಆ ಕಾಯ್ದೆಯನ್ನೇ ತೆಗೆದುಹಾಕಿದರು. 1977ರಲ್ಲಿ ಮತ್ತೆ ಬಂತು. ಆಮೇಲೆ ಸಂವಿಧಾನಕ್ಕೇ ಸೇರಿತು. ಸದನದ ಪ್ರಶ್ನೆ ಊರ ಜನರಿಗೆ ಮುಟ್ಟದಿದ್ದರೆ ಕೇಳಿ ಏನು ಪ್ರಯೋಜನ, ಅಲ್ವಾ?

1963ರಲ್ಲಿ ರಾಮಮನೋಹರ ಲೋಹಿಯಾ ಲೋಕಸಭೆಗೆ ಬಂದಾಗ ಪ್ರಶ್ನೆಯ ದಿಕ್ಕೇ ಬದಲಾಯಿತು. ಖರ್ಚಿನಲ್ಲಿ ತಪ್ಪು ಎಲ್ಲಿದೆ ಅಂತ ಕೇಳುವುದು ಒಂದು. ಈ ಖರ್ಚಿನ ಪಕ್ಕದಲ್ಲಿ ಬಡವನ ಖರ್ಚು ಇಟ್ಟು ನೋಡಿ ಅನ್ನುವುದು ಇನ್ನೊಂದು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಅಂದರು. ಸರ್ಕಾರ ಮೂರಾಣೆ ಅಲ್ಲ, ಹದಿನೈದಾಣೆ ಅಂದಿತು. ಮೂರೋ ಹದಿನೈದೋ ಅನ್ನುವ ವಾದ ಆಮೇಲೂ ನಡೆಯಿತು. ಬಡತನವನ್ನು ದಿನದ ಲೆಕ್ಕಕ್ಕೆ ಇಳಿಸಿ ಸದನದ ಮೇಜಿನ ಮೇಲೆ ಇಟ್ಟದ್ದು ಮಾತ್ರ ಅಳಿಸಿಹೋಗಲಿಲ್ಲ.

ಲೋಹಿಯಾರಿಗೆ ನಮ್ಮ ಮಲೆನಾಡು ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು ಅವರು. ಅದೇ ಗೇಣಿದಾರರ ಹೋರಾಟದಿಂದ ಬೆಳೆದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾಗಿ, ಆಮೇಲೆ ತೀರ್ಥಹಳ್ಳಿಯಿಂದಲೂ ಗೆದ್ದು, ಉಳುವವನ ಮಾತನ್ನು ವಿಧಾನಸಭೆಯ ಒಳಗೆ ಆಡಿದರು.

ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ನಮ್ಮ ನಿರೀಕ್ಷೆಯೇ ಬದಲಾಗಿದೆ ಅನ್ನಿಸುತ್ತದೆ. 1993ರ ಡಿಸೆಂಬರ್‌ನಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶುರುವಾಯಿತು. ಮೊದಲು 5 ಲಕ್ಷ, ಮರುವರ್ಷ 1 ಕೋಟಿ, ಈಗ ವರ್ಷಕ್ಕೆ 5 ಕೋಟಿ. ಬಸ್ ತಂಗುದಾಣದ ಮೇಲೆ, ಸಮುದಾಯ ಭವನದ ಮೇಲೆ ಸಂಸದರ ಹೆಸರು ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಜನರೂ ‘ಎಷ್ಟು ಅನುದಾನ ತಂದ್ರಿ?’ ಅಂತ ಕೇಳುತ್ತಾರೆ. ‘ಈ ಅಧಿವೇಶನದಲ್ಲಿ ಏನು ಕೇಳಿದ್ರಿ?’ ಅಂತ ಕೇಳುವವರು ಕಡಿಮೆ. ಐದು ಕೋಟಿ ಹಂಚುವುದು ಬೇಡ ಅಂತಲ್ಲ. ಆದರೆ ಕೇಂದ್ರದ ಬಜೆಟ್ ಇರುವುದು ಲಕ್ಷಾಂತರ ಕೋಟಿಯಲ್ಲಿ. ಅಷ್ಟೂ ದುಡ್ಡಿನ ಲೆಕ್ಕ ಕೇಳಬೇಕಾದವರನ್ನು ನಾವೇ ಐದು ಕೋಟಿಯ ಗುತ್ತಿಗೆಗೆ ಕಟ್ಟಿಹಾಕಿದ್ದೇವೆ.

ಪ್ರಶ್ನೆ ಕೇಳುವುದನ್ನೇ ಮಾರಿಕೊಂಡದ್ದೂ ಉಂಟು. ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ ಎರಡೂ ಸದನಗಳ 11 ಸಂಸದರನ್ನು ಉಚ್ಚಾಟಿಸಿದರು. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಬಿಟ್ಟರು. ಲಿಖಿತ ಉತ್ತರ ಬಂದವು, ಉಪಪ್ರಶ್ನೆ ಇರಲಿಲ್ಲ. ನೂರು ವರ್ಷ ಹಿಂದೆ ಗೆದ್ದುಕೊಂಡ ಭಾಗವೇ ಅವತ್ತು ಕೈತಪ್ಪಿತು.

ಒಂದೇ ಪ್ರಶ್ನೆ ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ನೋಡಬೇಕಾದರೆ ಶರಾವತಿ ಹಿನ್ನೀರಿಗೆ ಹೋಗಬೇಕು. ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದಾಗ ಒಮ್ಮೆ ಎದ್ದು ಬಂದವರಲ್ಲಿ ಕೆಲವರು, 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಮತ್ತೆ ಏಳಬೇಕಾಯಿತು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಅದು. ತುಮರಿ ಕಡೆಯವರಿಗೆ ಸಾಗರಕ್ಕೆ ಹೋಗಲು ಹತ್ತಿರದ ದಾರಿ ಲಾಂಚ್ ಒಂದೇ ಆಗಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಕಾಡುದಾರಿಯಲ್ಲಿ ಸುತ್ತಿ ಹೋಗಬೇಕಿತ್ತು. ಸೇತುವೆ ಯಾವಾಗ ಅನ್ನುವ ಕೂಗು ಎಷ್ಟೋ ಶಾಸಕರು, ಸಂಸದರ ಕಾಲ ಕಂಡಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕೊನೆಗೂ 2025ರ ಜುಲೈನಲ್ಲಿ ತೆರೆಯಿತು.

ಸೇತುವೆ ಬಂತು, ಜಮೀನಿನ ಪ್ರಶ್ನೆ ಹಾಗೇ ಇದೆ. ಮುಳುಗಡೆಯವರಿಗೆ ಅಂದು ಕೊಟ್ಟ ಜಾಗದಲ್ಲಿ ಬಹಳಷ್ಟು ಕಾಗದದ ಮೇಲೆ ಅರಣ್ಯವಾಗಿಯೇ ಉಳಿಯಿತು. ಅಜ್ಜ ಕಡಿದು ಹದ ಮಾಡಿದ ಗದ್ದೆಗೆ ಮೊಮ್ಮಗನ ಹೆಸರಲ್ಲಿ ಪಹಣಿ ಇಲ್ಲ. ಪಹಣಿ ಇಲ್ಲದೆ ಬ್ಯಾಂಕ್ ಸಾಲ ಇಲ್ಲ, ಬೆಳೆ ಹೋದರೆ ಪರಿಹಾರ ಇಲ್ಲ. ಸದನದಲ್ಲಿ ಈ ಪ್ರಶ್ನೆ ಈಗಲೂ ಏಳುತ್ತದೆ. ಸದನಕ್ಕೆ ಭರವಸೆಗಳ ಸಮಿತಿ ಅಂತ ಒಂದಿದೆ. ಸಚಿವರು ‘ಕ್ರಮ ವಹಿಸಲಾಗುವುದು’ ಅಂದದ್ದನ್ನು ಬರೆದಿಟ್ಟುಕೊಂಡು ಆಮೇಲೆ ವಿಚಾರಿಸುವುದೇ ಅದರ ಕೆಲಸ. ಶರಾವತಿಯವರಿಗೆ ಕೊಟ್ಟ ಒಂದೊಂದು ಮಾತನ್ನೂ ಆ ಸಮಿತಿ ಹೊರತೆಗೆಯಲಿ. ಎಷ್ಟು ಎಕರೆ, ಎಷ್ಟು ಕುಟುಂಬ, ಯಾವ ದಿನಾಂಕದೊಳಗೆ ಅಂತ ಅನುಬಂಧದ ಸಮೇತ ಉತ್ತರ ಬರುವ ತನಕ ಅ, ಆ, ಇ ಅಂತ ಕೇಳುತ್ತಲೇ ಇರಬೇಕು.