ಗೊನೊರಿಯಾ ಹೆಚ್ಚಿದೆಯೋ, ಇಳಿದಿದೆಯೋ? ಬಳ್ಳಾರಿ ಸೀಮೆಯಿಂದ ಒಂದು ಹಿನ್ನೆಲೆ

ಬಳ್ಳಾರಿಗೆ ರೈಲಿನಲ್ಲಿ ಬಂದುಹೋದವರಿಗೆ ಕಂಟೋನ್ಮೆಂಟ್ ಎಂಬ ನಿಲ್ದಾಣದ ಹೆಸರು ಗೊತ್ತಿರುತ್ತದೆ. ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಿದ್ದ ಕಾಲದ ಹೆಸರು ಅದು. ನಮ್ಮ ಸೀಮೆಯಲ್ಲಿ ಗುಹ್ಯರೋಗಗಳನ್ನು ಕಾಗದದ ಮೇಲೆ ಲೆಕ್ಕ ಇಟ್ಟವರಲ್ಲಿ ಆ ದಂಡಿನ ವೈದ್ಯರೇ ಮೊದಲಿಗರು. ಅವರಿಗೆ ಬೇಕಾಗಿದ್ದದ್ದು ಬಿಳಿಯ ಸಿಪಾಯಿಗಳ ಲೆಕ್ಕ. ಸಾವಿರ ಮಂದಿಯಲ್ಲಿ ಎಷ್ಟು ಜನ ಆಸ್ಪತ್ರೆ ಸೇರಿದರು, ಎಷ್ಟು ದಿನ ಕವಾಯತು ತಪ್ಪಿತು ಎಂಬುದಷ್ಟೆ. ಮದ್ರಾಸ್ ಪ್ರೆಸಿಡೆನ್ಸಿಯ ಬೇರೆ ದಂಡಿನ ಊರುಗಳಂತೆ ಬಳ್ಳಾರಿಯಲ್ಲೂ ಒಂದು ಲಾಕ್ ಹಾಸ್ಪಿಟಲ್ ಇತ್ತು. ದಂಡಿನ ಆಸುಪಾಸಿನ ಹೆಂಗಸರ ಹೆಸರು ಬರೆದುಕೊಂಡು, ಆಗಾಗ ಕರೆಸಿ ತಪಾಸಣೆ ಮಾಡಿ, ರೋಗವಿದೆ ಎಂದು ಅನ್ನಿಸಿದವರನ್ನು ಅಲ್ಲಿ ಕೂಡಿಹಾಕುತ್ತಿದ್ದರು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅದಕ್ಕೆ ಬೆನ್ನಾಗಿ ನಿಂತಿದ್ದವು.

ಲೈಂಗಿಕ ಸಂಪರ್ಕದಿಂದ ಹರಡುವ ಗುಹ್ಯರೋಗಗಳಲ್ಲೊಂದಾದ ಗೊನೊರಿಯಾದ ರೋಗಾಣುವನ್ನು ಆಲ್ಬರ್ಟ್ ನೈಸರ್ ಎಂಬ ಜರ್ಮನ್ ವೈದ್ಯ ಗುರುತಿಸಿದ್ದು 1879ರಲ್ಲಿ. ಅಲ್ಲಿಯವರೆಗೆ ಬರಿಗಣ್ಣಿನ ಅಂದಾಜಿನ ಮೇಲೆಯೇ ಹೆಂಗಸರನ್ನು ರೋಗಿಗಳೆಂದು ದಾಖಲಿಸಿದ್ದರು. 1888ರ ಹೊತ್ತಿಗೆ ಆ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಿದ್ದುಹೋಯಿತು. ಆದರೆ ಈ ರೋಗದ ಲೆಕ್ಕಕ್ಕೆ ಅಂದು ಅಂಟಿದ ಒಂದು ಚಾಳಿ ಇಂದಿಗೂ ಪೂರ್ತಿ ಬಿಟ್ಟಿಲ್ಲ: ಕೆಲವರನ್ನು ಮತ್ತೆಮತ್ತೆ ಎಣಿಸುವುದು, ಉಳಿದವರನ್ನು ಎಣಿಸದೆ ಬಿಡುವುದು.

ಈ ಹಳೆಯ ಸಂಗತಿ ಈಗೇಕೆ ಎಂದರೆ, ಸಿಂಧನೂರು ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ ಪ್ರಶ್ನೆ. "ಸರ್, ಗೊನೊರಿಯಾ ಬಾಳ ಜಾಸ್ತಿ ಆಗೈತಂತ ಮೊಬೈಲ್‌ನಾಗ ಬಂದೈತಿ. ನಮ್ ಕಡೆ ಎಷ್ಟೈತ್ರಿ?" ಕೇಳಲು ಸರಳ ಪ್ರಶ್ನೆ. ಒಂದು ಅಂಕಿ ಹೇಳಿ ಮುಗಿಸುವಂತಿಲ್ಲ. ಅವರ ಮೊಬೈಲಿಗೆ ಬಂದ ಅಂಕಿ ಬೇರೆ ದೇಶದ್ದು.

ಅಮೆರಿಕದಲ್ಲಿ ಗೊನೊರಿಯಾ ಪತ್ತೆಯಾದರೆ ವೈದ್ಯರು ಮತ್ತು ಪ್ರಯೋಗಾಲಯದವರು ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. 1941ರಿಂದ ಅಲ್ಲಿ ದೇಶದ ಲೆಕ್ಕ ಸಿಗುತ್ತದೆ. 1975ರ ಸುಮಾರಿಗೆ ಲಕ್ಷ ಜನರಿಗೆ 460 ದಾಟಿ ತುದಿ ಮುಟ್ಟಿದ ರೋಗ, ಇಳಿಯುತ್ತಾ ಬಂದು 2009ರಲ್ಲಿ ಲಕ್ಷಕ್ಕೆ 98ಕ್ಕೆ ಬಂತು. ಆಮೇಲೆ ಮತ್ತೆ ಏರಿತು. 2021ರಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ರಕರಣ, 2023ರಲ್ಲಿ 6 ಲಕ್ಷದ ಆಸುಪಾಸು. ಇಂಗ್ಲೆಂಡಿನಲ್ಲಿ 2023ರಲ್ಲಿ 85,223 ಪ್ರಕರಣ ಪತ್ತೆಯಾದವು. 1918ರಲ್ಲಿ ಲೆಕ್ಕ ಶುರುವಾದಾಗಿನಿಂದ ಅಷ್ಟು ದೊಡ್ಡ ಅಂಕಿ ಬಂದಿರಲಿಲ್ಲ. ಮರುವರ್ಷ ಅದು 72 ಸಾವಿರದೊಳಕ್ಕೆ ಇಳಿಯಿತು. ಅಲ್ಲಿಯೂ ಏರಿಕೆಯೆಲ್ಲ ರೋಗದ್ದೇ ಅಲ್ಲ. ಮೂತ್ರದಲ್ಲಿ, ಗಂಟಲಿನ ದ್ರವದಲ್ಲಿ ರೋಗಾಣುವಿನ ವಂಶವಾಹಿ ಹುಡುಕುವ ಹೊಸ ಪರೀಕ್ಷೆ ಬಂದ ಮೇಲೆ, ಮೊದಲು ಕಾಣದೆ ಉಳಿಯುತ್ತಿದ್ದ ಸೋಂಕು ಈಗ ಕಾಣುತ್ತಿದೆ. ಆದರೂ ಏರಿದೆಯೋ ಇಳಿದಿದೆಯೋ ಎಂದು ವಾದ ಮಾಡಲು ಅವರ ಕೈಯಲ್ಲಿ ಒಂದು ಗೆರೆಯಾದರೂ ಇದೆ.

ನಮ್ಮಲ್ಲಿ ಆ ಗೆರೆ ತುಂಡುತುಂಡಾಗಿದೆ. ನಮ್ಮ ಮೂರು ಜಿಲ್ಲೆಗಳನ್ನೇ ನೋಡಿ. ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ನಿಜಾಮರ ಹೈದರಾಬಾದಿನಿಂದ 1956ರಲ್ಲಿ ಬಂತು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿದ್ದು 1997ರಲ್ಲಿ, ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿದ್ದು 2021ರಲ್ಲಿ. ತುಂಗಭದ್ರೆಯ ಈಚೆ ದಡದ ರೋಗಿ ಒಂದು ಸರ್ಕಾರದ ದಫ್ತರಿನಲ್ಲಿ, ಆಚೆ ದಡದವನು ಇನ್ನೊಂದರಲ್ಲಿ.

ದೇಶದ ಮಟ್ಟದ ಕತೆಯನ್ನು ಬೇಗ ಹೇಳಿಬಿಡಬಹುದು. 1946ರಲ್ಲಿ ಲೈಂಗಿಕ ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ದೊಡ್ಡದಾಯಿತು, ಏಡ್ಸ್ ಭಯ ಆವರಿಸಿದ ಮೇಲೆ 1992ರಲ್ಲಿ ಏಡ್ಸ್ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿಹೋಯಿತು. ಅಲ್ಲಿಂದ ಮುಂದೆ ಗೊನೊರಿಯಾಕ್ಕೆ ಸ್ವಂತ ಮನೆ ಇಲ್ಲ. ಎಚ್‌ಐವಿಯ ದುಡ್ಡು ಬಂದಾಗ ಅದರ ಹಿಂದೆಯೇ ಬಂತು, ಅದು ಕಡಿಮೆಯಾದಾಗ ತಾನೂ ಹಿಂದೆ ಸರಿಯಿತು.

ಎಣಿಸುವುದು ಏಕೆ ಕಷ್ಟ ಎಂದು ತಿಳಿಯಲು ರೋಗದ ಗುಣ ಗೊತ್ತಿರಬೇಕು. ಗಂಡಸಿಗೆ ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ಮೂತ್ರ ಉರಿಯುತ್ತದೆ, ಕೀವು ಬರುತ್ತದೆ. ನಮ್ಮ ಕಡೆ ಅದಕ್ಕೆ ಯಾರೂ ಗೊನೊರಿಯಾ ಅನ್ನುವುದಿಲ್ಲ. "ಉಷ್ಣ ಆಗೈತಿ" ಅನ್ನುತ್ತಾರೆ. ಎರಡು ದಿನ ಎಳನೀರು, ಮಜ್ಜಿಗೆ ಕುಡಿದು ನೋಡಿ, ಕಡಿಮೆಯಾಗದಿದ್ದರೆ ಮೆಡಿಕಲ್‌ಗೆ ಹೋಗಿ ಗುಳಿಗೆ ಕೇಳುತ್ತಾರೆ, ಇಲ್ಲವೇ ಡಾಕ್ಟರ್ ಓದಿಲ್ಲದೆ ಊರಲ್ಲಿ ಔಷಧ ಕೊಡುವ ಆರ್‌ಎಂಪಿ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಾರೆ. ಹೆಂಗಸಿಗೆ ತಗುಲಿದರೆ ಅರ್ಧಕ್ಕಿಂತ ಹೆಚ್ಚು ಸಲ ಏನೂ ಗೊತ್ತಾಗುವುದಿಲ್ಲ. ರೋಗಾಣು ಮೆಲ್ಲಗೆ ಗರ್ಭಕೋಶ ದಾಟಿ ನಾಳಗಳಿಗೆ ಹೋಗಿ ಕೂರುತ್ತದೆ. ವರ್ಷಗಳಾದ ಮೇಲೆ ಕಿಬ್ಬೊಟ್ಟೆ ನೋವು, ನಾಳದಲ್ಲೇ ನಿಂತ ಬಸಿರು, ಮಕ್ಕಳಾಗದಿರುವುದು. ಅಷ್ಟರಲ್ಲಿ ಅವಳಿಗೆ ಬಂಜೆ ಎಂಬ ಹೆಸರು ಬಂದಿರುತ್ತದೆ. ಗುಳಿಗೆ ತಿಂದು ವಾಸಿಯಾದ ಗಂಡನನ್ನು ಯಾರೂ ಏನೂ ಕೇಳಿರುವುದಿಲ್ಲ. ಹೆರಿಗೆಯಲ್ಲಿ ಮಗುವಿನ ಕಣ್ಣಿಗೆ ಸೋಂಕು ತಗುಲಿ ದೃಷ್ಟಿಯೇ ಹೋಗುವುದೂ ಉಂಟು. 1880ರ ದಶಕದಲ್ಲಿ ಕ್ರೆಡೆ ಎಂಬ ವೈದ್ಯ ಹುಟ್ಟಿದ ಕೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದ್ದು ಈ ಕಾರಣಕ್ಕೆ.

ನಾನು ಹತ್ತಿರದಿಂದ ಕಂಡ ಕಾಲ 2005ರಿಂದ 2011ರವರೆಗಿನದು. ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರಿನ ಕಾಲ. ತೋರಣಗಲ್ಲಿನಿಂದ ಹೊಸಪೇಟೆವರೆಗೆ ಲಾರಿಗಳು ಮೈಲುಗಟ್ಟಲೆ ನಿಂತಿರುತ್ತಿದ್ದವು, ಗಿಡಮರಗಳೆಲ್ಲ ಕೆಂಪು. ಬಿಹಾರ, ಒಡಿಶಾ, ತಮಿಳುನಾಡಿನ ಹುಡುಗರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಿದ್ದರು. ಅದೇ ಹೊತ್ತಿಗೆ ರಾಯಚೂರು, ಕೊಪ್ಪಳದ ಒಣಭೂಮಿಯ ಜನ ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತಿದ್ದರು. ಎಚ್‌ಐವಿ ಹೆಚ್ಚಿದ್ದ ಉತ್ತರ ಕರ್ನಾಟಕಕ್ಕೆ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ 2003ರ ನಂತರ ಬಂತು. ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರೇ ಪೀರ್ ಎಜುಕೇಟರ್ ಆಗಿ ಉಳಿದವರನ್ನು ಕ್ಲಿನಿಕ್ಕಿಗೆ ಕರೆತರುತ್ತಿದ್ದರು. ಒಂದು ಸಂಸ್ಥೆಯಲ್ಲಿ ತಿಂಗಳ ವರದಿ ತುಂಬುವ ಕೆಲಸ ನನ್ನದಾಗಿತ್ತು.

ಆ ಹೊತ್ತಿಗೆ ಚಿಕಿತ್ಸೆಯ ಪದ್ಧತಿ ಬದಲಾಗಿತ್ತು. ಪ್ರಯೋಗಾಲಯದ ವರದಿಗಾಗಿ ಕಾಯುತ್ತ ಕೂತರೆ ರೋಗಿ ಮರಳಿ ಬರುವುದಿಲ್ಲ. ಹಾಗಾಗಿ ಲಕ್ಷಣ ನೋಡಿ ಅಲ್ಲೇ ಔಷಧ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶ ಅದಕ್ಕೆ ಬಣ್ಣದ ಕಿಟ್‌ಗಳನ್ನು ಮಾಡಿತು. ಗಂಡಸಿಗೆ ಕೀವು ಬಂದರೆ ಬೂದು ಬಣ್ಣದ ಕಿಟ್: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಎದುರಿಗೇ ನುಂಗಿಸಬೇಕು. ಹೆಂಗಸಿಗೆ ಬಿಳಿಸೆರಗಾದರೆ ಹಸಿರು ಕಿಟ್. ಹುಣ್ಣಿದ್ದರೆ ಬಿಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಗುಹ್ಯರೋಗ ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲೂ ಇವೇ ಬಣ್ಣಗಳು. ಓದು ಬರದವರಿಗೂ ಬಣ್ಣ ಅರ್ಥವಾಗುತ್ತಿತ್ತು. ಆ ಕಿಟ್‌ಗಳಿಂದ ಎಷ್ಟೋ ಜನ ಅದೇ ದಿನ ಔಷಧ ಕಂಡರು, ಅದನ್ನು ನಾನು ಎಂದೂ ಅಲ್ಲಗಳೆಯುವುದಿಲ್ಲ.

ಆದರೆ ವರದಿಯಿಂದ ಗೊನೊರಿಯಾ ಎಂಬ ಹೆಸರು ಮಾಯವಾಯಿತು. ಬೂದು ಕಿಟ್ ತಿಂದವನಿಗೆ ಗೊನೊರಿಯಾ ಇತ್ತೋ, ಅದೇ ಥರದ ಲಕ್ಷಣ ತೋರುವ ಕ್ಲಮೈಡಿಯಾ ಎಂಬ ಇನ್ನೊಂದು ಸೋಂಕು ಇತ್ತೋ, ಎರಡೂ ಇದ್ದವೋ, ಫಾರಂನಲ್ಲಿ ಬರೆಯಲು ಜಾಗವೇ ಇರಲಿಲ್ಲ. ಲಕ್ಷಣವಿಲ್ಲದ ಮಹಿಳೆಯರಿಗೂ, ಸೋಂಕು ಇದ್ದರೂ ಇರಬಹುದು ಎಂದು, ಮೊದಲ ಭೇಟಿಯಲ್ಲಿ ಬೂದು ಕಿಟ್ ಕೊಡುತ್ತಿದ್ದೆವು. ಹೊಸಬರು ಹೆಚ್ಚು ಬಂದ ತಿಂಗಳು ಆ ಅಂಕಣ ತುಂಬಿ ತುಳುಕುತ್ತಿತ್ತು. ಮಳೆ ಹಿಡಿದ ತಿಂಗಳು ಬರಿದಾಗುತ್ತಿತ್ತು. ದೂರದಲ್ಲಿ ಕೂತು ಆ ಅಂಕಿ ನೋಡಿದವರಿಗೆ ಬಳ್ಳಾರಿಯಲ್ಲಿ ರೋಗ ಏರಿಳಿಯುತ್ತಿದೆ ಎಂದೇ ಕಾಣುತ್ತಿತ್ತು. ಇನ್ನೊಂದು ಕಡೆ, ಬಿಳಿಸೆರಗು ಎಂದು ಬರುವ ಹೆಂಗಸರಲ್ಲಿ ಹೆಚ್ಚಿನವರ ಸಮಸ್ಯೆ ಗೊನೊರಿಯಾ ಆಗಿರುವುದಿಲ್ಲ. ಗೊನೊರಿಯಾ ಇರುವ ಹೆಂಗಸಿಗೆ ಬಿಳಿಸೆರಗೇ ಇರದೆ ಹೋಗಬಹುದು. ಲಕ್ಷಣವನ್ನು ನಂಬಿದ ಲೆಕ್ಕ ಗಂಡಸರ ಮಟ್ಟಿಗೆ ಸುಮಾರಾಗಿ ಸರಿ, ಹೆಂಗಸರ ಮಟ್ಟಿಗೆ ತೀರಾ ಕುರುಡು.

ನಿಜವಾಗಿ ಪರೀಕ್ಷೆ ಮಾಡಿ ಎಣಿಸಿದ್ದು ಒಂದೆರಡು ಸಲ. ಆವಾಹನ್ ಕಾಲದಲ್ಲಿ ಬಳ್ಳಾರಿಯೂ ಸೇರಿ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಎರಡು ಸುತ್ತಿನ ಸಮೀಕ್ಷೆ ನಡೆಯಿತು. ಗೊನೊರಿಯಾ, ಕ್ಲಮೈಡಿಯಾಗಳಲ್ಲಿ ಒಂದಾದರೂ ಇದ್ದವರ ಪ್ರಮಾಣ ಶೇ 8.9ರಿಂದ ಶೇ 7ಕ್ಕೆ ಇಳಿಯಿತು. ರಕ್ತಪರೀಕ್ಷೆಯಲ್ಲಿ ಹೆಚ್ಚಿನ ಮಟ್ಟ ತೋರಿದ ಸಿಫಿಲಿಸ್ ಶೇ 5.9ರಿಂದ ಶೇ 3.4ಕ್ಕೆ, ಎಚ್‌ಐವಿ ಶೇ 19.6ರಿಂದ ಶೇ 16.4ಕ್ಕೆ. ಆ ಮಹಿಳೆಯರು ತಮ್ಮ ಮೂತ್ರ, ತಮ್ಮ ರಕ್ತ ಕೊಟ್ಟು ಈ ನಾಡಿಗೆ ಒಂದು ನಿಜವಾದ ಅಂಕಿ ಒದಗಿಸಿದರು. ಅವರ ಹತ್ತಿರ ಬಂದುಹೋದ ಗಂಡಸರನ್ನಾಗಲಿ, ಆ ಗಂಡಸರ ಮನೆಯ ಹೆಂಡತಿಯರನ್ನಾಗಲಿ ಆ ಮಟ್ಟಿಗೆ ಎಣಿಸಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ಚದುರಿದವು. ಯೋಜನೆಯೂ ಹಂತಹಂತವಾಗಿ ಸರ್ಕಾರದ ಕೈಗೆ ಹೋಯಿತು. ಎಚ್‌ಐವಿ ಕಣ್ಗಾವಲು ಮುಂದುವರಿಯಿತು. ಗೊನೊರಿಯಾ ಹಿಂದೆ ಉಳಿಯಿತು.

ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಿಂಗಳಿಗೊಮ್ಮೆ ಕಳಿಸುವ ವರದಿಯಲ್ಲಿ ಗುಹ್ಯರೋಗಗಳೆಲ್ಲ ಒಟ್ಟಾಗಿ ಬರುತ್ತವೆ, ಗಂಡು ಇಷ್ಟು, ಹೆಣ್ಣು ಇಷ್ಟು ಎಂದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಪ್ರೊಫೈಲ್‌ನಲ್ಲಿ ಗೊನೊರಿಯಾಕ್ಕೆ ರಾಜ್ಯವಾರು ಅಂಕಿ ಇದೆ. ಆದರೆ ವರದಿ ಕಳಿಸುವ ಆಸ್ಪತ್ರೆಗಳು ಹೆಚ್ಚಾದ ವರ್ಷ ರೋಗವೇ ಹೆಚ್ಚಾದಂತೆ ಕಾಣುತ್ತದೆ. ಮೆಡಿಕಲ್‌ನ ಗುಳಿಗೆ, ಆರ್‌ಎಂಪಿಯ ಸೂಜಿ ಅದರಲ್ಲಿ ಇಲ್ಲವೇ ಇಲ್ಲ. ಜಗತ್ತಿನಲ್ಲಿ 2020ರ ಒಂದೇ ವರ್ಷ 8.2 ಕೋಟಿ ಹೊಸ ಸೋಂಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಂದಾಜು. ಲೆಕ್ಕ ತೆಳುವಾಗಿರುವ ದೇಶಗಳ ಪಾಲನ್ನು ಸಿಕ್ಕ ಕೆಲವೇ ಅಧ್ಯಯನಗಳ ಮೇಲೆ ಕಟ್ಟಿರುತ್ತಾರೆ.

ಔಷಧ ಚೆನ್ನಾಗಿ ಕೆಲಸ ಮಾಡುವವರೆಗೆ ಲೆಕ್ಕ ತಪ್ಪಿದರೂ ನಡೆಯುತ್ತಿತ್ತು. ಈ ರೋಗಾಣು ಹಾಗೆ ಇರಗೊಡುವುದಿಲ್ಲ. 1940ರ ದಶಕದಲ್ಲಿ ಸಲ್ಫಾ ಔಷಧಗಳು ಸೋತವು. ಪೆನಿಸಿಲಿನ್ ಡೋಸು ಏರಿಸುತ್ತಾ ಏರಿಸುತ್ತಾ ಒಂದು ಸಲಕ್ಕೆ 48 ಲಕ್ಷ ಯೂನಿಟ್‌ಗೆ ಹೋಯಿತು. 1976ರಲ್ಲಿ ಪೆನಿಸಿಲಿನ್ನನ್ನೇ ಒಡೆದುಹಾಕುವ ತಳಿ ಕಾಣಿಸಿಕೊಂಡಿತು. ಟೆಟ್ರಾಸೈಕ್ಲಿನ್ ಹೋಯಿತು. ಒಂದು ಕಾಲಕ್ಕೆ ನಮ್ಮ ಪ್ರತಿ ಮೆಡಿಕಲ್‌ನಲ್ಲೂ ಕಡಲೆಪುರಿಯಂತೆ ಮಾರಿದ ಸಿಪ್ರೊಫ್ಲಾಕ್ಸಸಿನ್ ಹೋಯಿತು. 2009ರಲ್ಲಿ ಜಪಾನಿನ ಕ್ಯೋಟೊದಲ್ಲಿ ಸೆಫ್ಟ್ರಿಯಾಕ್ಸೋನ್ ಸೂಜಿಗೂ ಬಗ್ಗದ ತಳಿ ಸಿಕ್ಕಿತು. 2012ರಲ್ಲಿ ಅಮೆರಿಕ ಸೆಫಿಕ್ಸಿಮ್ ಗುಳಿಗೆಯನ್ನು ಮೊದಲ ಆಯ್ಕೆಯಿಂದ ತೆಗೆಯಿತು. ನಮ್ಮ ಬೂದು ಕಿಟ್‌ನಲ್ಲಿದ್ದದ್ದು ಅದೇ ಗುಳಿಗೆ. ಜೋಲಿಫ್ಲೋಡಾಸಿನ್, ಜೆಪೊಟಿಡಾಸಿನ್ ಎಂಬ ಹೊಸ ಔಷಧಗಳು ದೊಡ್ಡ ಪ್ರಯೋಗಗಳಲ್ಲಿ ಫಲ ಕೊಟ್ಟಿವೆ. ಅವು ನಮ್ಮ ತಾಲ್ಲೂಕು ಆಸ್ಪತ್ರೆಯವರೆಗೆ ಬರುವುದು ಬೇರೆ ಮಾತು.

ಯಾವ ಔಷಧ ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರೋಗಾಣುವನ್ನು ಬೆಳೆಸಿಯೇ ನೋಡಬೇಕು. ಅದು ಬಹಳ ನಾಜೂಕಿನ ಜೀವಿ. ಒಣಗಿದರೆ ಸಾಯುತ್ತದೆ, ತಣ್ಣಗಾದರೆ ಸಾಯುತ್ತದೆ. ಚಾಕೊಲೇಟ್ ಅಗಾರ್ ಎಂಬ, ಬಿಸಿಗೆ ಕಂದು ತಿರುಗಿದ ರಕ್ತದ ಮೇವು ಬೇಕು. ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ಡಬ್ಬಿಯೊಳಗೆ ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಬಿಗಿಯುತ್ತಾರೆ, ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗಿನ ಗಾಳಿ ಹದಕ್ಕೆ ಬಂದಿರುತ್ತದೆ. ಈ ಕೆಲಸಕ್ಕೆ ಹೆಸರಾದ ಕೇಂದ್ರಗಳು ದೆಹಲಿಯ ಸಫ್ದರ್‌ಜಂಗ್, ಹೈದರಾಬಾದಿನ ಉಸ್ಮಾನಿಯಾ, ಚೆನ್ನೈನ ಮದ್ರಾಸ್ ವೈದ್ಯಕೀಯ ಕಾಲೇಜಿನಂಥವು. ರಾಯಚೂರಿನಿಂದ ಹೈದರಾಬಾದಿಗೆ ಬಿಸಿಲಲ್ಲೋ ಎಸಿ ಬಸ್ಸಿನಲ್ಲೋ ಹೊರಟ ಸ್ವಾಬ್, ಅಂದರೆ ಕೀವು ತೆಗೆದ ಹತ್ತಿಕಡ್ಡಿಯಲ್ಲಿನ ರೋಗಾಣು, ತಲುಪುವ ಹೊತ್ತಿಗೆ ಬದುಕಿರುತ್ತದೆಂಬ ಭರವಸೆ ಇಲ್ಲ.

ಅಮೆರಿಕ 1980ರ ದಶಕದಿಂದ ಇದಕ್ಕೊಂದು ಮಿತವಾದ ದಾರಿ ಇಟ್ಟುಕೊಂಡಿದೆ. ದೇಶದ ಎಲ್ಲ ರೋಗಿಗಳದ್ದೂ ಬೇಡ. ಆಯ್ದ ಕ್ಲಿನಿಕ್‌ಗಳಲ್ಲಿ ಪ್ರತಿ ತಿಂಗಳು ಗೊನೊರಿಯಾದಿಂದ ಬಂದ ಮೊದಲ 25 ಗಂಡಸರ ಮಾದರಿ ತೆಗೆದು, ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆ ನೋಡುತ್ತಾರೆ. ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ರಾಯಚೂರಿಗೆ 2007ರಲ್ಲಿ ಬಂತು, ಕೊಪ್ಪಳಕ್ಕೆ 2015ರಲ್ಲಿ. ಮೂರರಲ್ಲೂ ಸೂಕ್ಷ್ಮಜೀವಿ ವಿಭಾಗ ಇದೆ, ಚರ್ಮರೋಗದ ಓಪಿಡಿ ಇದೆ. ಓಪಿಡಿಯಿಂದ ಪ್ರಯೋಗಾಲಯಕ್ಕೆ ಸ್ವಾಬ್ ಹಿಡಿದು ನಡೆದರೆ ಐದು ನಿಮಿಷದ ದಾರಿ. ತಿಂಗಳಿಗೆ 25 ಬೇಡ, 10 ಆದರೂ ಆಗಲಿ. ಜೊತೆಗೆ ಬಸಿರಿಯರ ತಪಾಸಣೆಗೆ ಹೇಗಿದ್ದರೂ ಕೊಡುವ ಮೂತ್ರದಲ್ಲಿ ಒಂದಷ್ಟನ್ನು ವರ್ಷಕ್ಕೊಮ್ಮೆ ರೋಗಾಣುವಿನ ವಂಶವಾಹಿ ಹುಡುಕುವ ಪರೀಕ್ಷೆಗೂ ಹಾಕಲಿ, ಅವರ ಒಪ್ಪಿಗೆ ಕೇಳಿ, ಹೆಸರು ಬರೆಯದೆ. ಮನೆಯ ಹೆಂಗಸರು ಮೊದಲ ಬಾರಿಗೆ ಲೆಕ್ಕದೊಳಗೆ ಬರುತ್ತಾರೆ.

ಸಿಂಧನೂರಿನ ಆ ಆಶಾ ಅಕ್ಕನಿಗೆ ನಾನು ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮಕ್ಳಾಗಲಿಲ್ಲ ಅಂತ ಬರೋರಿಗೆ ನಾ ಏನ್ ಹೇಳ್ಲಿ?" ಅಂದರು. ಗಂಡನನ್ನೂ ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಹೋಗಲು ಹೇಳಿ ಅಂದೆ. ಇಬ್ಬರೂ ಒಟ್ಟಿಗೆ ಹೋಗಬೇಕು, ಅವಳೊಬ್ಬಳೇ ಅಲ್ಲ.