"ಗ್ರೇಡ್ ಒಂದೇ ಅಲ್ವಾ ಡಾಕ್ಟ್ರೇ?"

ಮೊನ್ನೆ ಉಡುಪಿಯ ನನ್ನ ಕ್ಲಿನಿಕ್ಕಿಗೆ ಕುಂದಾಪುರ ಕಡೆಯ ಒಬ್ಬರು ಬಂದಿದ್ದರು. ವಯಸ್ಸು 58, ಶುಗರ್ ಶುರುವಾಗಿ ಹನ್ನೆರಡು ವರ್ಷ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಎಂದಿತ್ತು. "ಗ್ರೇಡ್ ಒಂದೇ ಅಲ್ವಾ ಡಾಕ್ಟ್ರೇ, ಸುರುವಿನದ್ದು? ನಾನು ಕುಡಿಯುವವನೂ ಅಲ್ಲ ಮಾರಾಯ್ರೆ."

ಈ ಗ್ರೇಡ್ ಎಂಬುದು ಕೊಬ್ಬಿನ ಲೆಕ್ಕ, ಅಷ್ಟೇ. ನಾನು ಹುಡುಕುವುದು ಕಲೆಯನ್ನು, ಅಂದರೆ ಗಾಯ ಉಳಿಸಿದ ಗುರುತನ್ನು. ಕೊಬ್ಬು, ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಯಾವುದೇ ಕಾರಣಕ್ಕೆ ಲಿವರ್‌ಗೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಒಳಗೆ ನಾರು ಬೆಳೆಯುತ್ತದೆ. ಮೊಣಕಾಲಿನ ಹಳೇ ಗಾಯ ಗಟ್ಟಿಯಾಗಿ ಉಳಿಯುತ್ತದಲ್ಲ, ಹಾಗೆ. ಇದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತೇವೆ. ಎಫ್4 ಅಂದರೆ ಸಿರೋಸಿಸ್, ಲಿವರ್ ಪೂರಾ ಕಲೆ ತುಂಬಿ ಗಟ್ಟಿಯಾದ ಸ್ಥಿತಿ. ಕಲೆ ಜಾಸ್ತಿಯಾದ ಮೇಲೆ ಕೊಬ್ಬು ಕರಗಿ ಹೋಗುವುದೂ ಉಂಟು. ಆಗ ಗ್ರೇಡ್ ಇಳಿದಿದೆ ಎಂದು ಖುಷಿಪಡುವವರನ್ನು ಕಂಡರೆ ನನಗೆ ಭಯ.

ರಕ್ತಪರೀಕ್ಷೆಯಲ್ಲಿ ನೋಡುವ ಲಿವರ್ ಕಿಣ್ವಗಳು ಎರಡು: ಇವರ ಎಸ್‌ಜಿಒಟಿ 40, ಎಸ್‌ಜಿಪಿಟಿ 36. ಲ್ಯಾಬ್‌ನವರು ಯಾವುದಕ್ಕೂ ಗೆರೆ ಎಳೆದಿರಲಿಲ್ಲ. ಪ್ಲೇಟ್‌ಲೆಟ್ 1.8 ಲಕ್ಷ. ಅದೂ ನಾರ್ಮಲ್ಲೇ. ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು: 58 ಸಲ 40, ಅಂದರೆ 2320. ಎಸ್‌ಜಿಪಿಟಿಯ ವರ್ಗಮೂಲ 6. ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ 180. ಇವೆರಡನ್ನು ಗುಣಿಸಿದರೆ 1080. ಅದರಿಂದ ಭಾಗಿಸಿದಾಗ ಬಂದದ್ದು 2.15. ಇದಕ್ಕೆ ಫಿಬ್-4 ಎನ್ನುತ್ತೇವೆ. 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ನಿಶ್ಚಿಂತೆ. 2.67 ದಾಟಿದರೆ ದೊಡ್ಡ ಮಟ್ಟದ ಕಲೆಯ ಅನುಮಾನ. 65 ದಾಟಿದವರಿಗೆ ಕೆಳಗಿನ ಮಿತಿ 2. ತೀರಾ ಎಳೆಯರಿಗೆ ಈ ಲೆಕ್ಕ ಸರಿಹೊಂದುವುದಿಲ್ಲ. ಬೇರೆ ಬೇರೆಯಾಗಿ ಎಲ್ಲವೂ ನಾರ್ಮಲ್, ಒಟ್ಟಿಗೆ ಇಟ್ಟರೆ ಅನುಮಾನ!

ಇವರ 2.15 ನಡುವೆ ಬಿತ್ತು. ಹಾಗಾಗಿ ಮುಂದಿನದ್ದು ಫೈಬ್ರೋಸ್ಕ್ಯಾನ್, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ. ಹಲಸಿನಹಣ್ಣನ್ನು ತಟ್ಟಿ ನೋಡುವುದಿಲ್ವಾ, ಹೆಚ್ಚುಕಡಿಮೆ ಅದೇ ಉಪಾಯ. ಬಲಗಡೆ ಪಕ್ಕೆಲುಬಿನ ಸಂದಿಯಲ್ಲಿ ಸಾಧನ ಒತ್ತಿ ಹಿಡಿದರೆ ಅದು ಟಕ್ ಎಂದು ತಟ್ಟುತ್ತದೆ. ಅಲೆ ಲಿವರ್ ಒಳಗೆ ಓಡುತ್ತದೆ. ಗಟ್ಟಿಯಿದ್ದಷ್ಟೂ ಅಲೆಗೆ ವೇಗ ಜಾಸ್ತಿ. ಕನಿಷ್ಠ ಹತ್ತು ಸಲ ತಟ್ಟಿ ನಡುವಿನ ಅಂಕಿ ತೆಗೆದುಕೊಳ್ಳುತ್ತೇವೆ.

ಇವರು ಬಸ್ ಸ್ಟ್ಯಾಂಡ್ ಹತ್ತಿರ ಎರಡು ಬನ್ಸ್, ಚಾ ಮುಗಿಸಿಯೇ ಬಂದಿದ್ದರು. ಊಟವಾದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ನುಗ್ಗುತ್ತದೆ, ಅಂಕಿ ಸುಮ್ನೆ ಏರುತ್ತದೆ. ಮೂರು ಗಂಟೆ ಕೂರಿಸಿದೆ. ಮುಖ ಸಣ್ಣದಾಯಿತು, ಪಾಪ. ಕಾಮಾಲೆ ಜೋರಾಗಿರುವಾಗ ಮಾಡಿಸಿದರೂ ಹೀಗೇ ಅಂಕಿ ದಾರಿ ತಪ್ಪಿಸುತ್ತದೆ.

ಬಂದದ್ದು 10.6 ಕಿಲೋಪಾಸ್ಕಲ್, ಗಟ್ಟಿತನದ ಅಳತೆ ಅದು. ಫ್ಯಾಟಿ ಲಿವರ್‌ನವರಲ್ಲಿ 8ರ ಒಳಗಿದ್ದರೆ ಸಮಾಧಾನ, 12 ದಾಟಿದರೆ ಚಿಂತೆ. ಇವರು ನಡುವಿನವರು. ಬಯಾಪ್ಸಿ ಬೇಕಾ ಎಂದರು. ಸೂಜಿಯಲ್ಲಿ ಬರುವ ಚೂರು ಇಡೀ ಲಿವರ್‌ನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು. ಕಾರಣವೇ ತಿಳಿಯದಿದ್ದಾಗ, ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದಾಗ ಮಾತ್ರ ಅದಕ್ಕೆ ಹೋಗುತ್ತೇನೆ.

"ನೆಲನೆಲ್ಲಿ ಕಷಾಯ ಕುಡಿದರೆ ಕರಗುತ್ತದಾ?" ಕರಗುತ್ತದೆಂದು ನಾನು ಹೇಳಲಾರೆ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ಕಲೆ ಹಿಂದೆ ಸರಿಯುವ ಸಾಧ್ಯತೆ ಚೆನ್ನಾಗಿದೆ ಎಂಬುದಕ್ಕೆ ಆಧಾರವಿದೆ. ಅವರು 84 ಕಿಲೋ. ಎಂಟು ಕಿಲೋ ಇಳಿಸಿ, ಶುಗರ್ ಹಿಡಿತಕ್ಕೆ ತಂದು, ವರ್ಷದ ನಂತರ ಬನ್ನಿ ಎಂದೆ. ಬೆಳಿಗ್ಗೆ ಏನೂ ತಿನ್ನದೆ.