ಸಿಹಿ ಕೊಡದೆ ಕೆಲಸ ಮಾಡಿಸಿಕೊಳ್ಳುವ ಹೂ

ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಹಿಮ ಕರಗುತ್ತಿದ್ದಂತೆ, ಸ್ಪ್ರೂಸ್ ಮತ್ತು ಫರ್ ಮರಗಳ ಬುಡದ ಪಾಚಿಯಲ್ಲಿ ಗೇಣುದ್ದವೂ ಇಲ್ಲದ ಆರ್ಕಿಡ್ ಒಂದು ಅರಳುತ್ತದೆ. ಒಂದೇ ಎಲೆ, ಒಂದೇ ಹೂ. ಹೆಸರು ಕ್ಯಾಲಿಪ್ಸೊ ಬಲ್ಬೋಸ. ಫಿನ್ಲೆಂಡ್, ರಷ್ಯಾ, ಜಪಾನಿನ ತಂಪು ಕಾಡುಗಳಲ್ಲೂ ಇದೆ. ನಮ್ಮ ಸೀತಾಳೆ ದಂಡೆಯ ಹಾಗೆ ಮರದ ಮೇಲೆ ಕೂರುವುದಿಲ್ಲ, ಇದು ನೆಲದ ಗಿಡ.

ಹೂವನ್ನು ಬಗ್ಗಿ ನೋಡಬೇಕು. ಮೇಲೆ ಐದು ಸಪೂರ ಗುಲಾಬಿ ಎಸಳು ಸೆಟೆದು ನಿಂತಿರುತ್ತವೆ. ಕೆಳಗೆ ಚಪ್ಪಲಿಯ ಮುಂಭಾಗದಂಥ ಚೀಲ, ಒಳಗೆ ಕಂದುಗೆಂಪು ಗೆರೆಗಳು. ಚೀಲದ ಬಾಯಲ್ಲಿ ಹಳದಿ ಕೂದಲಿನ ಕುಚ್ಚು. ದೂರಕ್ಕೆ ಪರಾಗ ತುಂಬಿದ ಕೇಸರದ ಹಾಗೇ ಕಾಣುತ್ತದೆ. ಆದರೆ ಅದು ಸುಮ್ನೆ ಕೂದಲು. ಚೀಲದಲ್ಲಿ ಒಂದು ಹನಿ ಮಕರಂದವೂ ಇಲ್ಲ.

ಮೋಸ ಹೋಗುವವರು ಯಾರು? ಚಳಿಗಾಲವೆಲ್ಲ ಮಣ್ಣಿನೊಳಗೆ ಮಲಗಿದ್ದು ಆಗಷ್ಟೇ ಎದ್ದುಬಂದ ಬಂಬಲ್‌ಬೀ ರಾಣಿಗಳು. ಹೊಟ್ಟೆ ಹಸಿದಿದೆ, ಗೂಡನ್ನು ಒಬ್ಬಳೇ ಕಟ್ಟಬೇಕು, ಯಾವ ಹೂವಿನಲ್ಲಿ ಏನಿದೆ ಅಂತ ಇನ್ನೂ ಗೊತ್ತಿಲ್ಲ. ರಾಣಿ ಚೀಲದೊಳಗೆ ನುಗ್ಗುತ್ತಾಳೆ, ಏನೂ ಸಿಗದೆ ಹಿಂದಕ್ಕೆ ಸರಿಯುತ್ತಾಳೆ. ಹಾಗೆ ಸರಿಯುವಾಗ ಪರಾಗದ ಗಂಟು ಅವಳ ಬೆನ್ನಿಗೆ ಅಂಟುತ್ತದೆ. ಇನ್ನೊಂದು ಕ್ಯಾಲಿಪ್ಸೊದಲ್ಲೂ ಏಮಾರಿದರೆ ಗಿಡದ ಕೆಲಸ ಆಯ್ತು. ನಾಲ್ಕಾರು ಹೂ ನೋಡುವಷ್ಟರಲ್ಲಿ ರಾಣಿಗೆ ಬುದ್ಧಿ ಬರುತ್ತದೆ, ಮತ್ತೆ ಈ ಕಡೆ ಸುಳಿಯುವುದಿಲ್ಲ. ಅದಕ್ಕೇ ಬಹಳಷ್ಟು ಹೂಗಳು ಕಾಯಿ ಕಟ್ಟದೆ ಬಾಡುತ್ತವೆ.

ಇದೆಂಥ ನಷ್ಟದ ವ್ಯವಹಾರ ಅನ್ನಿಸುತ್ತದೆ, ಅಲ್ವಾ? ಆದರೆ ಮಕರಂದ ತಯಾರಿಸಲು ಸಕ್ಕರೆ ಬೇಕು, ಒಂದೇ ಎಲೆಯ ಗಿಡಕ್ಕೆ ಅದು ದುಬಾರಿ. ಇನ್ನು ಒಂದು ಕಾಯಿ ಕಟ್ಟಿದರೂ ಸಾವಿರಾರು ಬೀಜ. ನನಗೇನೋ ಇದು ಚಾಲಾಕಿಗಿಂತ ಜಾಸ್ತಿ ಬಡವರ ಲೆಕ್ಕಾಚಾರ ಅನ್ನಿಸುತ್ತದೆ. ಎಲೆಯದೂ ಅದೇ ಕಥೆ. ಶರತ್ಕಾಲದಲ್ಲಿ ಚಿಗುರಿ, ಹಿಮದಡಿ ಹಸಿರಾಗಿಯೇ ಉಳಿದು, ಹೂ ಮುಗಿದ ಮೇಲೆ ಬೇಸಿಗೆಯಲ್ಲಿ ಒಣಗಿಹೋಗುತ್ತದೆ. ಆಮೇಲೆ ನೆಲದಡಿಯ ಪುಟ್ಟ ಗೆಡ್ಡೆಯೊಂದೇ ಉಳಿಯುತ್ತದೆ.

ಬೀಜಗಳು ಧೂಳಿನಷ್ಟು ಸಣ್ಣವು. ಮೊಳಕೆಗೆ ಬೇಕಾದ ಬುತ್ತಿ ಅವುಗಳೊಳಗೆ ಇರುವುದಿಲ್ಲ. ಮಣ್ಣಿನ ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಬದುಕು. ಬೆಳೆದ ಗಿಡದ ಬೇರಿಗೂ ಅದರ ನಂಟು ಬಿಟ್ಟಿಲ್ಲ.

ಚೆಂದ ಕಂಡು ಹೂ ಕಿತ್ತರೆ ಎಷ್ಟೋ ಸಲ ಎಳೆಯಂಥ ಬೇರುಗಳೂ ತುಂಡಾಗಿ ಇಡೀ ಗಿಡ ಸಾಯುತ್ತದೆ. ಮನೆಯ ತೋಟಕ್ಕೆ ತಂದು ನೆಟ್ಟರೂ ಸಾಮಾನ್ಯವಾಗಿ ಉಳಿಯುವುದಿಲ್ಲ, ಅಲ್ಲಿನ ಮಣ್ಣಿನಲ್ಲಿ ಆ ಶಿಲೀಂಧ್ರ ಇರಬೇಕಲ್ಲ.